ಮೇಯರ್ ಸಾಹೇಬರಿಗೆ ಅಕ್ಕ ಇಲ್ಲ

ನೆರೋಮಿಲಿ,
3 ಸೆಪ್ಟೆಂಬರ್ 1967

ಪ್ರೀತಿಯ ಅಕ್ಕ ಎವಾಂಥಿಯಾ,

ಈ ಕಾಗದವನ್ನು ಕೂತುಕೊಂಡು ಓದು. ನಿಂತಿದ್ದರೆ ಕುರ್ಚಿ ಎಳೆದುಕೋ. ‘ಇವನು ಟಿಕೆಟ್ಟು ಹರಿಯುವುದಕ್ಕೂ ನಾಲಾಯಕ್ಕು’ ಎಂದು ನಮ್ಮಪ್ಪ ಕಾಫಿ ಅಂಗಡಿಯಲ್ಲಿ ಹತ್ತು ಜನರೆದುರು ಸಾರಿದ್ದ ಆ ಮಗ, ಅಂದರೆ ನಿನ್ನ ತಮ್ಮ ಸ್ಟಾಮಾತಿಸ್, ಈಗ ನೆರೋಮಿಲಿಯ ಮೇಯರ್. ನಗಬೇಡ. ಆರ್ಗಿರೋ ಕೂಡ ನಕ್ಕಳು. ‘ಮೇಯರ್ ಆದ್ರೇನು, ಮೇಯೋದು ನಾನು ಮಾಡಿದ್ದನ್ನೇ ತಾನೆ’ ಎಂದು ತಟ್ಟೆ ತಂದಿಟ್ಟಳು. ಹೆಂಡತಿಯ ಮುಂದೆ ಯಾವ ಪದವಿಯೂ ನಿಲ್ಲುವುದಿಲ್ಲ.

ಊರವರೆಲ್ಲ ಸೇರಿ ನನ್ನ ಹೆಗಲಿಗೆ ಈ ಭಾರ ಹೊರಿಸಿದರು. ಔಷಧಿ ಅಂಗಡಿಯ ಗಾಲಾನಿಸ್ ಮೇಯರ್ ಆಗಿದ್ದನಲ್ಲ, ಅವನ ಆರೋಗ್ಯ ಸರಿಯಿಲ್ಲ. ದ್ವೀಪದ ಹವೆ ಬೇಕಾಯಿತು, ಹೋಗಿದ್ದಾನೆ. ಕುರ್ಚಿ ಖಾಲಿ ಬಿಡಬಾರದಲ್ಲ. ಟಾಕೀಸಿನವನಿಗೆ ಖಾಲಿ ಕುರ್ಚಿ ಕಂಡರೆ ಹೊಟ್ಟೆ ಉರಿಯುತ್ತದೆ ಎಂಬುದು ನಿನಗೂ ಗೊತ್ತು.

ನಮ್ಮ ಬಯಲು ಟಾಕೀಸು ಆವ್ರಾ ಈ ಬೇಸಿಗೆಯಲ್ಲೂ ತುಂಬಿ ನಡೆಯಿತು. ಕೆಳಗೆ ಜಲ್ಲಿಯ ಮೇಲಿನ ಕುರ್ಚಿಗಳಲ್ಲಿ ನೂರು ಜನ, ಸುತ್ತಲಿನ ಮನೆಗಳ ಬಾಲ್ಕನಿಗಳಲ್ಲಿ ಇನ್ನೂರು ಜನ. ಬೇರೆ ಟಾಕೀಸುಗಳ ಬಾಲ್ಕನಿಗೆ ದರ, ನಮ್ಮದಕ್ಕೆ ಧರ್ಮ. ವಾಸಿಲೋ ಅಜ್ಜಿ ಮೊನ್ನೆ ಆಟದ ನಡುವೆಯೇ ಮೇಲಿನಿಂದ ಕೂಗಿದಳು:

“ಏ ಮೇಯರಪ್ಪಾ! ಸೌಂಡು ಸ್ವಲ್ಪ ಏರಿಸೋ! ಆ ಹುಡುಗಿ ಅಳ್ತಾ ಇದಾಳೆ, ಯಾತಕ್ಕೆ ಅಂತ ನಂಗೆ ಗೊತ್ತಾಗ್ಬೇಡ್ವಾ?”

“ಟಿಕೆಟ್ ತಗೊಂಡು ಕೆಳಗೆ ಬಾ ಅಜ್ಜಿ, ಎಲ್ಲಾ ಕೇಳ್ಸುತ್ತೆ.”

“ನಾನು ಕೆಳಗೆ ಬಂದ್ರೆ ಒಲೆ ಮೇಲಿರೋ ಹುರುಳೀಕಾಯಿ ನಿಮ್ಮಪ್ಪ ಬಂದು ತಿರುವ್ತಾನಾ?”

ಜನ ಸಿನಿಮಾ ಬಿಟ್ಟು ಅವಳಿಗೆ ಚಪ್ಪಾಳೆ ಹೊಡೆದರು.

ನನ್ನ ಪ್ರಮಾಣವಚನದ ಸುದ್ದಿ ಫೋಟೋ ಸಮೇತ ‘ನೆರೋಮಿಲಿ ವಾರ್ತೆ’ಯಲ್ಲಿ ಬಂದಿದೆ. ಮೆಲ್ಬರ್ನಿನಲ್ಲಿರುವ ನಮ್ಮೂರವರ ಸಂಘಕ್ಕೆ ನಗರಸಭೆಯ ಕಾಣಿಕೆಯಾಗಿ ಪತ್ರಿಕೆಗೆ ಚಂದಾ ಕಟ್ಟಿಸಿದ್ದೇನೆ. ಸೂಯೆಜ್ ಮುಚ್ಚಿರುವುದರಿಂದ ಹಡಗು ಆಫ್ರಿಕ ಸುತ್ತಿಕೊಂಡು ಬರಬೇಕು. ನನ್ನ ಫೋಟೋ ನಿನ್ನನ್ನು ತಲುಪುವ ಹೊತ್ತಿಗೆ ಅದರಲ್ಲೇ ನನ್ನ ಕೂದಲು ಉದುರಿರುತ್ತದೆ.

ಲಾಂಬ್ರೋಸ್ ಭಾವ ಹೋಗಿ ಏಳು ತಿಂಗಳಾಯಿತು. ಧೈರ್ಯವಾಗಿರು. ನನ್ನ ಪಾಲಿಗೆ ಪರದೆ ಬಂತು, ನಿನ್ನ ಪಾಲಿಗೆ ಪರದೇಶ. ಏನು ಮಾಡುವುದು.

ನಿನ್ನ ತಮ್ಮ,
ಸ್ಟಾಮಾತಿಸ್ (ಮೇಯರ್!)


ಮೆಲ್ಬರ್ನ್,
9 ಅಕ್ಟೋಬರ್ 1967

ತಮ್ಮ ಸ್ಟಾಮಾತಿಸ್,

ಕೂತುಕೊಂಡೇ ಓದಿದೆ. ‘ಊರವರೆಲ್ಲ ಸೇರಿ’ ಎಂದು ಬರೆದಿದ್ದೀಯ. ಏಪ್ರಿಲ್‌ನಲ್ಲಿ ಅಥೆನ್ಸಿನಲ್ಲಿ ಸೈನ್ಯದವರು ಅಧಿಕಾರ ಹಿಡಿದಮೇಲೆ ಅಲ್ಲೆಲ್ಲ ಮೂರು ಜನ ಒಂದು ಮೇಜಿನ ಸುತ್ತ ಸೇರಿದರೂ ಪೊಲೀಸರು ಬರುತ್ತಾರೆ ಎಂದು ಇಲ್ಲಿಯ ಪತ್ರಿಕೆಗಳು ಬರೆಯುತ್ತವೆ. ನಿಮ್ಮೂರಲ್ಲಿ ಊರಿಗೆ ಊರೇ ಸೇರಿತೆಂದರೆ ಸಂತೋಷ. ಗಾಲಾನಿಸನಿಗೆ ದ್ವೀಪದ ಹವೆ ಬೇಕಾಯಿತು ಎಂದೆ. ನಿನ್ನ ಭಾವನಿಗೂ ಕೈದಿಗಳ ದ್ವೀಪದಲ್ಲಿಟ್ಟು ಅದೇ ಹವೆಯನ್ನು ನಾಲ್ಕು ವರ್ಷ ಕುಡಿಸಿದ್ದರು. ‘ನನ್ನ ವಿಚಾರಗಳನ್ನು ಬಿಟ್ಟಿದ್ದೇನೆ’ ಎಂದು ಒಂದು ಸಹಿ ಹಾಕಿದ್ದರೆ ಅವತ್ತೇ ಮನೆಗೆ ಬರಬಹುದಿತ್ತು, ಹಾಕಲಿಲ್ಲ. ಇದನ್ನು ಇಷ್ಟಕ್ಕೇ ಬಿಡುತ್ತೇನೆ. ನಿನ್ನ ಕಾಗದ ಒಡೆದು ಓದುವವರಿಗೆ ಬೇಸರವಾಗಬಾರದು.

ಬೇರೆ ವಿಷಯ. ನಾನು ಬಟ್ಟೆ ಕಾರ್ಖಾನೆಯ ಕೆಲಸ ಬಿಟ್ಟೆ. ಕಾರಣವೇನಿಲ್ಲ, ಸಾಕಾಯಿತು. ಮುಂದಿನ ಬೇಸಿಗೆಗೆ ಊರಿಗೆ ಬರಬೇಕು. ಆವ್ರಾದ ಟಿಕೆಟ್ ಗೂಡಿನಲ್ಲಿ ಮೊದಲಿನ ಹಾಗೆ ಕೂರಬೇಕು, ಮಲ್ಲಿಗೆ ಬಳ್ಳಿಯ ಗೋಡೆ ನೋಡಬೇಕು, ಎಲ್ಲರ ಮುಖ ನೋಡಬೇಕು. ನನ್ನ ಪಾಸ್‌ಪೋರ್ಟು ಮುಗಿದಿದೆ. ಹೊಸದು ಕೊಡಬೇಕಾದರೆ ನಾನು ನೆರೋಮಿಲಿಯವಳು, ಇಂಥವರ ಮಗಳು, ಊರಿಗೆ ಬರಲು ಅಡ್ಡಿಯಿಲ್ಲ ಎಂದು ನಗರಸಭೆಯ ಕಾಗದ ಬೇಕಂತೆ, ಮೇಯರ್ ಸಹಿಯೊಂದಿಗೆ. ನಾನು ಹೆದರಿದ್ದೆ. ನಿನ್ನ ಸುದ್ದಿ ಓದಿ ನಕ್ಕುಬಿಟ್ಟೆ. ಸಹಿ ಮಾಡಬೇಕಾದವನ ಮೂಗು ಒರೆಸಿದವಳು ನಾನೇ!

ಕಾಗದ ಬೇಗ ಕಳಿಸು.

ಎವಾಂಥಿಯಾ


ನೆರೋಮಿಲಿ,
20 ಡಿಸೆಂಬರ್ 1967

ಪ್ರೀತಿಯ ಅಕ್ಕ,

ಕ್ರಿಸ್‌ಮಸ್ ಶುಭಾಶಯಗಳು. ಉತ್ತರ ತಡವಾಯಿತು. ಮುದ್ರೆ ಕೈಗೆ ಬಂದಮೇಲೆ ನಿದ್ರೆ ಇಲ್ಲ. ಬೆಳಿಗ್ಗೆ ಚರಂಡಿ, ಮಧ್ಯಾಹ್ನ ಬ್ಯಾಂಡ್ ಸಂಘ, ಸಂಜೆ ಅನಾಥಾಲಯದ ಸಮಿತಿ. ನಾನು ಅಧ್ಯಕ್ಷನಲ್ಲದ ಸಂಘ ಊರಿನಲ್ಲಿ ಉಳಿದಿರುವುದು ತಾಯಂದಿರ ಸಂಘ ಒಂದೇ.

ನಿನ್ನ ಕಾಗದದ ವಿಷಯ ಗುಮಾಸ್ತ ಫೋಟಿಸನಿಗೆ ಹೇಳಿದೆ. ನಾಗರಿಕರ ದಾಖಲೆ ಪುಸ್ತಕ ಹೊಲಿಗೆ ಬಿಟ್ಟುಹೋಗಿ, ಬೈಂಡಿಂಗಿಗೆ ಹೋಗಿದೆಯಂತೆ. ಅದು ಬಂದರೂ ತೆರೆದು ನೋಡಲು ಈಗ ಫೋಟಿಸ್ ಇಲ್ಲ, ಅವನಿಗೆ ಕಾಮಾಲೆ. ಅವನ ಕಡತಗಳು ಮೊದಲೇ ಹಳದಿ, ಈಗ ಅವನೂ ಅವುಗಳ ಬಣ್ಣಕ್ಕೆ ತಿರುಗಿದ್ದಾನೆ.

ನನ್ನನ್ನು ಕೇಳಿದರೆ ಮುಂದಿನ ಬೇಸಿಗೆಯೇ ಬರಬೇಕೆಂದು ಏನಿದೆ? ರಸ್ತೆಯೆಲ್ಲ ಅಗೆದಿದ್ದೇವೆ. ಎರಡು ವರ್ಷ ಬಿಟ್ಟು ಬಾ, ಕಾರಂಜಿ ಆಗಿರುತ್ತದೆ. ಆವ್ರಾ ಎಲ್ಲಿಗೂ ಓಡುವುದಿಲ್ಲ. ಓಡುವುದು ಅದರೊಳಗಿನ ಸಿನಿಮಾ ಮಾತ್ರ, ಅದೂ ಮೂರು ದಿನ.

ಸ್ಟಾಮಾತಿಸ್


ಮೆಲ್ಬರ್ನ್,
4 ಫೆಬ್ರವರಿ 1968

ತಮ್ಮ ಸ್ಟಾಮಾತಿಸ್,

ಅಲ್ಲಿ ಮೇಯರ್ ನೀನೋ ಫೋಟಿಸನೋ? ಚಿಕ್ಕವನಿದ್ದಾಗಿನಿಂದ ಅವನು ಹಾಗೆಯೇ. ಯಾವ ಕೆಲಸ ಹೇಳಿದರೂ ‘ನಾಳೆ’ ಎಂದು ಕಿವಿ ಕೆರೆದುಕೊಳ್ಳುತ್ತಿದ್ದ. ಅವನಿಗೆಂದು ಉಣ್ಣೆಯ ಸ್ವೆಟರ್ ಕಳಿಸಿದ್ದೇನೆ. ನನ್ನ ಹೆಸರು ಹೇಳಿ ಕೊಡು, ಕಾಮಾಲೆ ಇಳಿಯುತ್ತದೆ.

ರಾಯಭಾರ ಕಚೇರಿಗೆ ಮತ್ತೆ ಹೋಗಿ ಬಂದೆ. ಅಲ್ಲೊಬ್ಬ ಎಳೆಯ ಅಧಿಕಾರಿ.

“ನಿಮ್ಮ ತಮ್ಮನೇ ಮೇಯರ್ ಅಂತೀರಾ ಅಮ್ಮಾ?”

“ಹೌದಪ್ಪ. ಒಡಹುಟ್ಟಿದವನು.”

“ಹಾಗಾದ್ರೆ ಇಷ್ಟು ತಿಂಗಳು ಯಾಕೆ?”

“ಪುಸ್ತಕ ಬೈಂಡಿಂಗ್ ಆಗ್ತಾ ಇದೆ.”

ಅವನು ನನ್ನ ಅರ್ಜಿಯನ್ನು ಮಡಿಸಿಟ್ಟು, “ಕಾಫಿ ಕುಡೀತೀರಾ ಅಮ್ಮಾ?” ಎಂದ. ಒಳ್ಳೆಯ ಹುಡುಗ. ನಿನಗೆ ಕೆಟ್ಟ ಹೆಸರು ಬರಬಾರದೆಂದು ‘ಫೋಟಿಸ್ ಸೋಮಾರಿ’ ಎಂದು ಅವನಿಗೆ ವಿವರವಾಗಿ ಹೇಳಿದೆ.

ಜೂನ್ ಹಡಗಿಗೆ ಹೆಸರು ಬರೆಸಿದ್ದೇನೆ. ಎರಡು ವರ್ಷ ಬಿಟ್ಟು ಆಗುವುದಿಲ್ಲ, ಈ ವರ್ಷವೇ ಬರಬೇಕು. ಯಾಕೆ ಎಂದು ಕೇಳಬೇಡ, ಬರಬೇಕು ಅಷ್ಟೇ.

ಸಂಘದಲ್ಲಿ ಎಲ್ಲರೂ ನಿನ್ನ ಪತ್ರಿಕೆಗಾಗಿ ಕಾದಿದ್ದಾರೆ. ನಿನಗೆ ಇಲ್ಲಿಯವರ ಹಸಿವು ಗೊತ್ತಿಲ್ಲ. ಊರಿನ ಬಸ್ಸಿನ ವೇಳಾಪಟ್ಟಿ ಸಿಕ್ಕಿದರೂ ಗಟ್ಟಿಯಾಗಿ ಓದಿಸಿ ಕೇಳುತ್ತಾರೆ.

ಎವಾಂಥಿಯಾ


ಮೆಲ್ಬರ್ನ್,
18 ಮಾರ್ಚ್ 1968

ಸ್ಟಾಮಾತಿಸ್,

ನಿನ್ನ ಕಾಣಿಕೆ ಬಂತು. ಸಂಪಾದಕ ದೊಡ್ಡ ಮನಸ್ಸಿನವನು. ಮೇಯರ್ ಸಾಹೇಬರ ಚಂದಾ ಎಂದು ಹಿಂದಿನ ಸಂಚಿಕೆಗಳನ್ನೂ ಪುಕ್ಕಟೆಯಾಗಿ ಕಟ್ಟಿಗೆ ಸೇರಿಸಿದ್ದ.

ಭಾನುವಾರ ಚರ್ಚ್ ಮುಗಿಸಿ ಸಂಘದ ಹಾಲಿನಲ್ಲಿ ನಲವತ್ತು ಜನ ಸೇರಿದ್ದೆವು. ದರ್ಜಿ ಸೋತಿರಿಸ್ ಓದುತ್ತಿದ್ದ. ಅವನು ಏನನ್ನೂ ಬಿಡುವವನಲ್ಲ, ಹತ್ತಿಯ ಧಾರಣೆಯನ್ನೂ ರಾಗವಾಗಿ ಓದುತ್ತಾನೆ. ಆಗಸ್ಟ್ 20ರ ಸಂಚಿಕೆ, ನಾಲ್ಕನೆಯ ಪುಟ. ‘ಘೋಷಣೆ’ ಎಂದು ಶುರುಮಾಡಿದ. ಎರಡು ಸಾಲು ಓದಿ ನಿಲ್ಲಿಸಿದ.

“ಯಾಕೋ ನಿಲ್ಸಿದೆ? ಮುಂದೆ ಓದು!” ಎಂದು ಹಿಂದಿನ ಸಾಲಿನವರು ಗದರಿದರು.

“ಕನ್ನಡಕ ಮಸುಕಾಗಿದೆ,” ಎಂದ ಸೋತಿರಿಸ್.

“ಓದು ಸೋತಿರಿಸ್,” ಎಂದೆ ನಾನು. “ಏನಿದ್ರೂ ಓದು.”

ಓದಿದ. ಈಗ ಬಾಯಿಪಾಠವಾಗಿದೆ, ನೋಡು ತಪ್ಪಿದ್ದರೆ ತಿದ್ದು:

‘ಕೆಳಗೆ ಸಹಿ ಮಾಡಿರುವ ಸ್ಟಾಮಾತಿಸ್ ಕಾರ್ದಾರಾಸ್ ಎಂಬ ನಾನು, ಆಸ್ಟ್ರೇಲಿಯದಲ್ಲಿರುವ ಸಹೋದರಿ ಎವಾಂಥಿಯಾ ಹಾಗೂ ಆಕೆಯ ಗಂಡ ಲಾಂಬ್ರೋಸ್ ಇವರ ರಾಷ್ಟ್ರದ್ರೋಹಿ ವಿಚಾರಗಳನ್ನು ಖಂಡಿಸುತ್ತೇನೆ. ಅವರು ದೇಶ ಬಿಟ್ಟ 1954ರಿಂದ ಅವರೊಂದಿಗೆ ನನಗೆ ಯಾವ ಸಂಬಂಧವಾಗಲಿ ಪತ್ರವ್ಯವಹಾರವಾಗಲಿ ಇಲ್ಲ. ಇನ್ನು ಮುಂದೆ ಅವಳನ್ನು ಸಹೋದರಿಯೆಂದು ಭಾವಿಸುವುದಿಲ್ಲ.’

ಪತ್ರವ್ಯವಹಾರ ಇಲ್ಲವಂತೆ. ನನ್ನ ಬೀರುವಿನಲ್ಲಿ ನಿನ್ನ ನೂರಹನ್ನೊಂದು ಕಾಗದಗಳಿವೆ. ಇವನ್ನೆಲ್ಲ ಬರೆದವರು ಯಾರು? ನಗೆಚಾಟಿಕೆ ನೋಡಿದರೆ ನಿನ್ನದೇ ಅನ್ನಿಸುತ್ತದೆ.

ಲಾಂಬ್ರೋಸ್ ಫೆಬ್ರವರಿಯಲ್ಲೇ ಮಣ್ಣಾಗಿದ್ದ. ಆಗಸ್ಟಿನಲ್ಲಿ ಸತ್ತವನನ್ನೂ ಖಂಡಿಸಿ, ಸೆಪ್ಟೆಂಬರಿನಲ್ಲಿ ನನಗೆ ‘ಧೈರ್ಯವಾಗಿರು’ ಎಂದು ಬರೆದೆ.

ನಾನು ಹಾಲಿನಿಂದ ಎದ್ದು ಹೊರಟೆ. ಹೆಂಗಸರು ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು, ಶವ ಹೋಗುವಾಗ ನಿಲ್ಲುವ ಹಾಗೆ.

ಈಗ ನಾನು ಮುಚ್ಚಿಟ್ಟದ್ದನ್ನೂ ಹೇಳುತ್ತೇನೆ. ನನ್ನ ಕಣ್ಣು ಹೋಗುತ್ತಿದೆ. ಎರಡೂ. ಹೆಚ್ಚೆಂದರೆ ಎರಡು ವರ್ಷ ಎಂದಿದ್ದಾರೆ ಡಾಕ್ಟರು. ಕಾರ್ಖಾನೆ ನಾನು ಬಿಟ್ಟದ್ದಲ್ಲ, ಸೂಜಿಗೆ ದಾರ ಏರಿಸಲಾರದವಳನ್ನು ಅವರೇ ಬಿಡಿಸಿದರು. ಕಾಣುವಷ್ಟು ದಿನದೊಳಗೆ ಊರು ನೋಡಬೇಕಿತ್ತು. ಮೊದಲೇ ಬರೆದಿದ್ದರೆ ಕನಿಕರದಿಂದ ಮಾಡಿಕೊಡುತ್ತಿದ್ದೆಯೇನೋ. ತಮ್ಮನಾಗಿ ಮಾಡಲಿ ಎಂದು ಬರೆಯಲಿಲ್ಲ. ಅದು ನನ್ನ ತಪ್ಪು.

ಜೂನ್ ಹಡಗಿನ ಜಾಗವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಕಾಗದ ಕಳಿಸು. ಬೇರೇನೂ ಬರೆಯಬೇಡ, ಕಾಗದ ಮಾತ್ರ ಕಳಿಸು.

ಎವಾಂಥಿಯಾ


ನೆರೋಮಿಲಿ,
30 ಏಪ್ರಿಲ್ 1968

ಅಕ್ಕ,

ಈ ಪತ್ರವನ್ನು ಅಂಚೆಗೆ ಹಾಕದೆ, ಅಥೆನ್ಸಿಗೆ ಹೋಗುವ ಒಬ್ಬರ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಸುಟ್ಟುಬಿಡು.

ಅವತ್ತು ನಡೆದದ್ದು ಇಷ್ಟು. ಪೊಲೀಸ್ ಅಧಿಕಾರಿ ಕರೆಸಿದ. ಕಾಫಿ ತರಿಸಿದ, ನೀರಿನ ಲೋಟದ ಸಮೇತ.

“ನಿಮ್ಮ ಟಾಕೀಸು ಚೆನ್ನಾಗಿದೆ ಕಣ್ರೀ. ನಮ್ಮ ಮನೆಯವರಿಗೆ ತುಂಬಾ ಇಷ್ಟ.”

“ಹೌದು ಸಾರ್, ಬರ್ತಾ ಇರ್ತಾರೆ.”

“ಲೈಸೆನ್ಸು ಈ ತಿಂಗಳಿಗೆ ಮುಗಿಯುತ್ತಲ್ವಾ?”

“ಹೌದು ಸಾರ್.”

“ನಿಮಗೆ ಒಬ್ಬಳು ಅಕ್ಕ ಇದಾಳಲ್ವಾ?”

ಅಕ್ಕ, ಅವನ ಮೂರನೆಯ ಮಾತಿಗೆ ನಾನು ಏನು ಹೇಳಬೇಕಿತ್ತು? ನೀನೇ ಹೇಳು. ಹಾಳೆ ಮೊದಲೇ ಟೈಪಾಗಿತ್ತು. ಊರಲ್ಲಿ ಅರ್ಧ ಜನ ಅಂಥ ಹಾಳೆಗೆ ಸಹಿ ಹಾಕಿದ್ದಾರೆ. ಗಂಡ ಹೆಂಡತಿಯನ್ನು, ಮಗ ಅಪ್ಪನನ್ನು ಬಿಟ್ಟುಕೊಟ್ಟು, ಸಂಜೆ ಒಂದೇ ಮೇಜಿನಲ್ಲಿ ಕೂತು ಸೂಪು ಕುಡಿಯುತ್ತಾರೆ. ಅದು ಮನಸ್ಸಿನ ಮಾತಲ್ಲ, ಬರೀ ಕಾಗದ. ಸಹಿ ಹಾಕಿದ್ದು ಕೈ, ಕಹಿಯಾದದ್ದು ನನ್ನ ಬಾಯಿ. ಇಲ್ಲಿಯವರು ಯಾರೂ ನಾಲ್ಕನೆಯ ಪುಟ ಓದುವುದಿಲ್ಲ. ನೀವು ಅಲ್ಲಿ ಬಸ್ಸಿನ ವೇಳಾಪಟ್ಟಿಯನ್ನೂ ಬಿಡುವುದಿಲ್ಲ ಎಂಬುದನ್ನು ನಾನು ಮರೆತೆ.

ಕಣ್ಣಿನ ವಿಷಯ ಓದಿ ಆರ್ಗಿರೋ ಅತ್ತಳು. ನಾನು ಹೇಗಿದ್ದೇನೆಂದು ಬರೆಯುವುದಿಲ್ಲ. ಆದರೆ ಯೋಚಿಸಿ ನೋಡು: ‘ಇವಳು ನನ್ನ ಅಕ್ಕ, ಬರಲಿ’ ಎಂದು ನಾನೇ ಸಹಿ ಹಾಕಿದರೆ ಮೊದಲಿನ ಸಹಿ ಸುಳ್ಳು ಎಂದಾಗುತ್ತದೆ. ಆಗ ಟಾಕೀಸೂ ಹೋಗುತ್ತದೆ, ನಾನೂ ದ್ವೀಪದ ಹವೆಗೆ ಹೋಗುತ್ತೇನೆ. ನೀನು ಬಂದು ನೋಡುವುದಾದರೂ ಏನನ್ನು? ಸ್ವಲ್ಪ ತಡೆ. ಕಾಲ ಹೀಗೆಯೇ ಇರುವುದಿಲ್ಲ. ಡಾಕ್ಟರುಗಳು ಯಾವಾಗಲೂ ಹೆದರಿಸುತ್ತಾರೆ, ಎರಡು ವರ್ಷ ಅಂದರೆ ಆರು ವರ್ಷ ಎಂದೇ ಲೆಕ್ಕ.

ಆವ್ರಾದ ಫೋಟೋಗಳನ್ನು ಇಟ್ಟಿದ್ದೇನೆ, ದೊಡ್ಡದಾಗಿ ಮಾಡಿಸಿ. ಸದ್ಯಕ್ಕೆ ಅವನ್ನು ನೋಡುತ್ತಿರು.

ಸ್ಟಾಮಾತಿಸ್


ನೆರೋಮಿಲಿ,
2 ಜೂನ್ 1971

[ಅಚ್ಚಾದ ಕಾರ್ಡು]

ನೆರೋಮಿಲಿಯ ಮೇಯರ್ ಶ್ರೀ ಸ್ಟಾಮಾತಿಸ್ ಕಾರ್ದಾರಾಸ್ ಅವರು ಮುಖ್ಯ ಚೌಕದ ನೂತನ ಕಾರಂಜಿಯ ಉದ್ಘಾಟನೆಗೆ ತಮ್ಮನ್ನು ಸಕುಟುಂಬ ಆಹ್ವಾನಿಸಲು ಹರ್ಷಿಸುತ್ತಾರೆ.

[ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ]

ಮೂರು ವರ್ಷವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಪರೀಕ್ಷೆಗೆ ನೀರು ಬಿಟ್ಟೆವು. ಕಾರಂಜಿ ಅಂಜಿಕೊಂಡು ಗೇಣುದ್ದ ಎದ್ದು ಕೂತುಬಿಟ್ಟಿತು. ನಗಬೇಕೆನ್ನಿಸಿದರೆ ನಗು. ಫೋಟೋಗಳು ತಲುಪಿದವೇ?


ನೆರೋಮಿಲಿ,
28 ಸೆಪ್ಟೆಂಬರ್ 1974

ನನ್ನ ಪ್ರೀತಿಯ ಅಕ್ಕ,

ಆರು ವರ್ಷದ ಮೌನ ಸಾಕು. ಸೈನ್ಯದವರು ಹೋದರು. ಲಕೋಟೆಯಲ್ಲಿ ನಿನ್ನ ಕಾಗದ ಇದೆ. ನೀನು ಹುಟ್ಟಿದ ವರ್ಷ, ಅಪ್ಪ ಅಮ್ಮನ ಹೆಸರು, ದುಂಡು ಮೊಹರು, ನನ್ನ ಸಹಿ. ಮೇಯರ್ ಆಗಿ ನಾನು ಮಾಡಿದ ಕೊನೆಯ ಸಹಿ ಇದು. ನಿನಗೆಂದೇ ಇಟ್ಟುಕೊಂಡಿದ್ದೆ.

ಈಗ ಗಾಲಾನಿಸ್ ಮತ್ತೆ ಮೇಯರ್. ಊರು ಹೂ ಹಾಕಿ ಬರಮಾಡಿಕೊಂಡಿತು. ನಾನೂ ಹೋದೆ, ಕೈ ಚಾಚಿದೆ. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಏನು ಬೇಕಾಗಿತ್ತು? ತಲೆನೋವಿಗಾ, ಹೊಟ್ಟೆನೋವಿಗಾ?” ಎಂದ, ಔಷಧಿ ಅಂಗಡಿಯಲ್ಲಿ ನಿಂತವನಂತೆ. ಜನ ನಕ್ಕರು. ಊರನ್ನು ಮೂವತ್ತು ವರ್ಷ ನಗಿಸಿದವನು ನಾನು, ಆದರೆ ಈ ನಗು ಕೇಳಿರಲಿಲ್ಲ.

ಇನ್ನೊಂದು ಹೇಳುತ್ತೇನೆ, ನೀನು ನಂಬಲಾರೆ. ಆವ್ರಾದಲ್ಲಿ ಆಟ ಶುರುವಾಗುತ್ತಿದ್ದಂತೆ ಸುತ್ತಲಿನ ಬಾಲ್ಕನಿಗಳೆಲ್ಲ ಒಂದೊಂದಾಗಿ ಕದ ಎಳೆದುಕೊಳ್ಳುತ್ತವೆ. ಪುಕ್ಕಟೆ ಸಿನಿಮಾವನ್ನೂ ಬೇಡವೆನ್ನುವ ಜನ! ವಾಸಿಲೋ ಅಜ್ಜಿಗೆ ಈಗ ಎಂಬತ್ತೆರಡು. ಕೆಳಗೆ ನಿಂತು ಕೇಳಿದೆ:

“ಅಜ್ಜಿ, ಒಳ್ಳೇ ಪಿಕ್ಚರ್ ಇದೆ, ಸೌಂಡೂ ಏರಿಸ್ತೀನಿ.”

“ಪಿಕ್ಚರ್ ನಿಂದು, ಕದ ನಂದು ಕಣಪ್ಪಾ,” ಎಂದು ಎಳೆದುಕೊಂಡಳು.

ಬರುವ ವರ್ಷದ ಮೊದಲಿಗೆ ನಗರಸಭೆಯ ಚುನಾವಣೆ ಇದೆ, ನಿಜವಾದ ಚುನಾವಣೆ. ನಾನು ನಿಲ್ಲಬೇಕು. ಕುರ್ಚಿಯ ಆಸೆಗಲ್ಲ, ಈ ಕದಗಳು ತೆರೆಯಬೇಕು. ನೀನು ಒಂದು ಉಪಕಾರ ಮಾಡಬೇಕು. ಪತ್ರಿಕೆಗೆ ನಾಲ್ಕು ಸಾಲು ಬರೆ: ‘ಕಷ್ಟದ ಕಾಲದಲ್ಲೂ ನನ್ನ ತಮ್ಮ ಗುಟ್ಟಾಗಿ ನನಗೆ ಕಾಗದ ಬರೆಯುತ್ತಿದ್ದ, ನನ್ನನ್ನು ಎಂದೂ ಕೈಬಿಡಲಿಲ್ಲ’ ಎಂದು. ಅದು ಸುಳ್ಳಲ್ಲವಲ್ಲ? ಕಾಗದ ಬರೆದದ್ದು ನಿಜ. ನಿನ್ನ ಮಾತಿಗೆ ಇಲ್ಲಿ ಬೆಲೆಯಿದೆ, ಲಾಂಬ್ರೋಸ್ ಭಾವನ ಹೆಸರು ಈಗ ಎಲ್ಲರ ಬಾಯಲ್ಲಿದೆ. ಅವರ ಹೆಸರನ್ನು ಒಂದು ಬೀದಿಗೆ ಇಡಿಸುತ್ತೇನೆ, ಮಾತು ಕೊಡುತ್ತೇನೆ.

ಕಣ್ಣು ಹೇಗಿದೆ?

ನಿನ್ನ ತಮ್ಮ,
ಸ್ಟಾಮಾತಿಸ್


ಮೆಲ್ಬರ್ನ್,
10 ನವೆಂಬರ್ 1974

ಸ್ಟಾಮಾತಿಸ್,

ಅಕ್ಷರ ಬೇರೆಯಾಗಿದೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಮಗಳು ಮೆಲ್ಪೋ ಬರೆದುಕೊಳ್ಳುತ್ತಿದ್ದಾಳೆ. ‘ಕಣ್ಣು ಹೇಗಿದೆ’ ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೀಯ. ಬಲಗಣ್ಣು 69ರಲ್ಲಿ ಹೋಯಿತು, ಎಡಗಣ್ಣು 70ರ ಈಸ್ಟರ್‌ಗೆ. ಡಾಕ್ಟರು ಹೆದರಿಸಿದ್ದಲ್ಲ. ನಿನ್ನ ಫೋಟೋಗಳನ್ನು ಮೊದಮೊದಲು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಟಿಕೆಟ್ ಗೂಡು ಸಿಕ್ಕಿತು, ಮಲ್ಲಿಗೆ ಬಳ್ಳಿ ಸಿಗಲಿಲ್ಲ. ಕಡಿಸಿದ್ದೀಯಾ?

ಕಾಗದ ಬಂತು. ಬೆರಳಾಡಿಸಿದೆ, ಮೊಹರು ಗಟ್ಟಿಯಾಗಿ ಒತ್ತಿದ್ದೀಯ. ಮೆಲ್ಪೋ ತಾರೀಖು ಓದಿದಳು: ಜುಲೈ 26. ಸೈನ್ಯದವರು ಹೋದದ್ದು 23ಕ್ಕೆ. ಏಳು ವರ್ಷದ ಮೇಯರ್‌ಗಿರಿಯಲ್ಲಿ ನಿನ್ನ ಧೈರ್ಯಕ್ಕೆ ಮೂರು ದಿನದ ವಯಸ್ಸು.

ನೀನು ಒಂದು ಪ್ರಶ್ನೆ ಕೇಳಿದ್ದೆ, ಪೊಲೀಸಿನವನಿಗೆ ಏನು ಹೇಳಬೇಕಿತ್ತು ಎಂದು. ಈ ಕತ್ತಲಲ್ಲಿ ಯೋಚಿಸಲು ನನಗೆ ಬೇಕಾದಷ್ಟು ಹೊತ್ತಿತ್ತು. ‘ಹೌದು ಸಾರ್’ ಎನ್ನಬೇಕಿತ್ತು, ಮೊದಲಿನ ಎರಡಕ್ಕೆ ಹೇಳಿದ ಹಾಗೆ. ಆಗ ಲೈಸೆನ್ಸು ಹೋಗುತ್ತಿತ್ತು, ಒಪ್ಪುತ್ತೇನೆ. ಅಪ್ಪನ ಟಾಕೀಸು ಉಳಿಸಲು ಸಹಿ ಹಾಕಿದೆ ಎಂದು ಬರೆದಿದ್ದರೆ ಅಳುತ್ತಾ ಅದನ್ನೂ ನುಂಗುತ್ತಿದ್ದೆ. ಆದರೆ ಆ ಸಹಿಗೆ ಲೈಸೆನ್ಸು ಸಿಕ್ಕಮೇಲೆ ಮೇಯರ್ ಕುರ್ಚಿ ಎಲ್ಲಿಂದ ಬಂತು? ಅದನ್ನು ನೀನು ಯಾವ ಕಾಗದದಲ್ಲೂ ಬರೆಯಲಿಲ್ಲ. ನೀನೇ ಕೇಳಿ ಪಡೆದೆ ಎಂದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದು.

ಪತ್ರಿಕೆಗೆ ನಾಲ್ಕು ಸಾಲು ಬರೆಯುವುದಿಲ್ಲ. ಲಾಂಬ್ರೋಸ್ ಹೆಸರಿನ ಬೀದಿ ಬೇಡ. ನಿನ್ನ ಕೈಯಿಂದಂತೂ ಬೇಡ.

“ಅಮ್ಮಾ, ಇನ್ನು ಸಾಕು. ಹರಿದು ಹಾಕೋಣ,” ಎನ್ನುತ್ತಿದ್ದಾಳೆ ಮೆಲ್ಪೋ. “ನೋಡೋಕೇ ಆಗದ ಊರಿಗೆ ಯಾಕೆ ಹೋಗ್ಬೇಕು ನೀನು?” ಇದನ್ನೂ ಬರೆದುಕೋ ಎಂದೆ. ಮುಖ ಗಂಟು ಹಾಕಿಕೊಂಡು ಬರೆದುಕೊಳ್ಳುತ್ತಿದ್ದಾಳೆ, ಉಸಿರಿನಲ್ಲೇ ಗೊತ್ತಾಗುತ್ತದೆ.

ನಾನು ಬರುತ್ತೇನೆ. ಚುನಾವಣೆಗೆ ಮೊದಲಲ್ಲ, ನನ್ನ ಕುರುಡನ್ನು ಹಿಡಿದು ನೀನು ಮನೆಮನೆಗೆ ಮತ ಕೇಳುವುದು ಬೇಡ. ಗೆದ್ದಿರು, ಸೋತಿರು, ಜೂನ್ ತಿಂಗಳಲ್ಲಿ ಬರುತ್ತೇನೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಳಿಯುತ್ತೇವೆ. ನಿನ್ನ ಮನೆಗೆ ಕರೆಯಬೇಡ. ಆರ್ಗಿರೋ ಬೇಕಾದರೆ ಬಂದು ನೋಡಲಿ.

ಬಂದ ದಿನ ಸಂಜೆ ಆವ್ರಾಕ್ಕೆ ಬರುತ್ತೇನೆ. ನಡುಸಾಲಿನಲ್ಲಿ ಕೂರುತ್ತೇನೆ. ನೀನು ನನ್ನ ಪಕ್ಕದಲ್ಲಿ ಕೂತು ಏನೇನು ಕಾಣುತ್ತದೆ ಎಂದು ಹೇಳಬೇಕು. ಪರದೆಯ ಮೇಲೆ ಯಾರು ಬಂದರು, ಯಾರು ಹೋದರು. ಕುರ್ಚಿಗಳಲ್ಲಿ ಎಷ್ಟು ಜನ, ನಿನ್ನನ್ನು ಕಂಡು ಯಾರು ಎದ್ದು ಹೋದರು. ಯಾವ ಬಾಲ್ಕನಿ ಮುಚ್ಚಿದೆ, ಯಾವುದು ತೆರೆದಿದೆ. ಚಮತ್ಕಾರದ ಮಾತು ಬೇಡ. ಇದ್ದದ್ದು ಇದ್ದ ಹಾಗೆ ಹೇಳು, ನಾನು ಪರೀಕ್ಷಿಸಿ ನೋಡಲಾರೆ. ಪಿಸುಗುಟ್ಟಬೇಡ, ಮುಚ್ಚಿದ ಕದಗಳ ಹಿಂದೆ ಕೂತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳು.

ಮತ್ತು ಪ್ರತಿ ಮಾತಿಗೂ ಮೊದಲು ‘ಅಕ್ಕ’ ಎಂದು ಕರೆ.

ಎವಾಂಥಿಯಾ